ಬಲಾಶ್ ಅಂದರೆ ಬೇಡ

ಫರ್ಝಾನಾ,

ನಿನ್ನೆ ಮಧ್ಯಾಹ್ನ ನಿನ್ನ ಗಂಡ ಒಂದೇ ಮಾತಿನಿಂದ ನಲವತ್ತು ಸೇಲ್ಸ್‌ಮನ್‌ಗಳನ್ನು ಮೆಟ್ಟಿಲಿಳಿಸಿದ. ಅರ್ಧ ಅಜೀಜಿಯಾ ಬಡಾವಣೆ ಕಿಟಕಿಗೆ ಬಂದು ನೋಡಿತು. "ಸೆಕೆ ತಡೆಯಲು ಗೋಡೆಯೊಳಗೆ ಫೋಮ್ ತುಂಬಿಸುತ್ತೇವೆ, ಪುಕ್ಕಟೆ" ಅಂತ ಈ ವಾರ ಮೂರನೇ ಸಲ ಬೆಲ್ಲು. ಡ್ಯೂಟಿ ಮುಗಿಸಿ ಆಗಷ್ಟೇ ದಿಂಬಿಗೆ ತಲೆಯಿಟ್ಟಿದ್ದ ಬಡಪಾಯಿ ಎದ್ದು ಹೋಗಿ, ಬೇಡ ಅನ್ನಲು ಅರಬಿಯಲ್ಲಿ "ಬಲಾಶ್!" ಎಂದು ಗುಡುಗಿದ. ಮುಗಿಯಿತು.

ಆದರೂ ಇಂದು ಸಂಜೆ ನಾಲ್ಕಕ್ಕೆ ಯಾರು ಬಂದರೂ ಬಾಗಿಲು ತೆಗೆಯಬೇಡ. ನಿನ್ನ ಗಂಡ ಅಕ್ಕಿ ನೆನೆಹಾಕಿದ್ದಾನೆ. ಮೀನನ್ನು ಈಗ ಫ್ರಿಜ್ಜಿನಿಂದ ತೆಗೆದಿಡುತ್ತಾನೆ.

ಅಯ್ಯೋ. ನಾನು ಬಚ್ಚಿಟ್ಟ ಫೋಮಿನವನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೀಯಲ್ಲ ಮಾರಾಯ್ತಿ!

ಸರಿ, ಬಂದವ ಒಬ್ಬನೇ. ಬಲಾಶ್ ಅಂದರೆ ಪುಕ್ಕಟೆ ಅಂತಲೂ ಆಗುತ್ತದಂತೆ. ನಾನು "ಪುಕ್ಕಟೆಯಾ?" ಎಂದು ಕೇಳಿದೆ ಅಂದುಕೊಂಡು, ಅವನು ಖುಷಿಯಲ್ಲಿ "ಐವಾ, ಬಲಾಶ್!", ಹೌದು, ಪುಕ್ಕಟೆ, ಅಂತ ಕಾಗದ ಚಾಚಿದ. ನಿದ್ದೆ ಬೇಕಿತ್ತು, ಸಹಿ ಹಾಕಿಬಿಟ್ಟೆ. ನಾಲ್ಕಕ್ಕೆ ಡ್ರಿಲ್ ಹಿಡಿದು ಬರುತ್ತಾರೆ. ಬಾಡಿಗೆ ಮನೆಯ ಗೋಡೆ. ಒಂದು ತೂತು ಬಿದ್ದರೂ ಮಾಲೀಕ ನಮ್ಮನ್ನು ಹೊರಗೆ ಹಾಕುತ್ತಾನೆ. ಸರಿಯಾದ ಅರಬಿ ಬರುವುದು ನಿನಗೇ. ಇಲ್ಲ ಅನ್ನಲು ಒಳಗಿಂದಲೇ ಬರೀ "ಲಾ" ಅನ್ನು. ಬಲಾಶ್ ಮಾತ್ರ ಬೇಡ.

ಅನ್ಸಾರ್