ನಮ್ಮ ಬೆಂಚು ತೆಗೆದು ನೆಮ್ಮದಿ ಕೊಟ್ಟವರಿಗೆ

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರೇ,

ನಾವು ಕೂರುತ್ತಿದ್ದ ಬೆಂಚನ್ನು ನೀವು ಎತ್ತಿಸಿಬಿಟ್ಟಿರಿ. ಅದರ ಬದಲು ‘ನೆಮ್ಮದಿ ಕೊಠಡಿ’ ಕೊಟ್ಟಿದ್ದೇವೆ ಎನ್ನುತ್ತೀರಿ. ಆ ಕೊಠಡಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ನಿಮ್ಮೆದುರು ನಿಂತು ಹೇಳಿದರೆ ಮಾತು ನಿಮ್ಮ ಕಚೇರಿಯಲ್ಲೇ ಉಳಿಯುತ್ತದೆ, ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ವಿಭಾಗಕ್ಕೆ ನೀವು ಬಂದದ್ದು ಒಂದೇ ಸಲ, ಫೋಟೊ ತೆಗೆಸಿಕೊಳ್ಳಲು. ಆದ್ದರಿಂದ ನಮ್ಮ ಕೆಲಸ ಹೇಗೆಂದು ನಾನೇ ಹೇಳಬೇಕು. ಆಸ್ಪತ್ರೆಗಳ ಬೆಡ್‌ಶೀಟುಗಳು ಇಸ್ತ್ರಿ ಯಂತ್ರದಿಂದ ಕೈ ಸುಡುವಷ್ಟು ಬಿಸಿಯಾಗಿ ಬರುತ್ತವೆ. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು ಕೊಡವಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಬೇಕು. ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಕೂರುವುದೂ ಜೋಡಿಯಾಗಿಯೇ. ಎರಡು ಗಂಟೆಗೊಮ್ಮೆ ಒಂದು ಜೋಡಿ ಗೋಡೆ ಬದಿಯ ಬೆಂಚಿನಲ್ಲಿ ಹತ್ತು ನಿಮಿಷ ಕಾಲು ಚಾಚಿ ಏಳುತ್ತಿತ್ತು, ಅಷ್ಟು ಹೊತ್ತು ಉಳಿದ ಜೋಡಿಗಳು ಯಂತ್ರ ನೋಡಿಕೊಳ್ಳುತ್ತಿದ್ದವು. ಯಾರಿಗೂ ತೊಂದರೆಯಿರಲಿಲ್ಲ.

ನಿಮ್ಮ ಕೊಠಡಿಯಲ್ಲಿ ಏನಿದೆ? ಮೆತ್ತನೆಯ ಒಂದು ಕುರ್ಚಿ, ನೀರು ಹರಿಯುವ ಸದ್ದು ಮಾಡುವ ಒಂದು ಡಬ್ಬಿ, ‘ನಿಮ್ಮನ್ನು ನೀವು ಪ್ರೀತಿಸಿ’ ಎಂಬ ಬೋರ್ಡು. ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ. ಒಬ್ಬಳು ಒಳಗೆ ತನ್ನನ್ನು ತಾನು ಪ್ರೀತಿಸುತ್ತ ಕೂತರೆ, ಹೊರಗಿರುವವಳು ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕೇ?

ನನ್ನ ಜೋಡಿ ನನ್ನ ಅತ್ತಿಗೆ. ಹನ್ನೊಂದು ವರ್ಷ ನಿಂತು ನಿಂತು ಅವರ ಕಾಲಿನ ನರಗಳು ಗಂಟುಗಂಟಾಗಿ ನೀಲಿಗಟ್ಟಿವೆ. ನಡುನಡುವೆ ಕೂತರೆ ಕೆಲಸ ಮಾಡಬಹುದು, ಇಲ್ಲವಾದರೆ ಬಿಡಬೇಕು ಎಂದು ವೈದ್ಯರು ಹೇಳಿದ್ದಾರೆ. ಬೆಂಚು ಹೋದ ಮೇಲೆ ಒಂದು ದಿನ ತಡೆಯಲಾರದೆ ನಿಮ್ಮ ಕೊಠಡಿಗೆ ಹೋದರು. ನಾನು ಕೈಕಟ್ಟಿ ನಿಂತಿದ್ದೆ. ಮೇಲ್ವಿಚಾರಕರು ಬಂದರು.

“ಏನಮ್ಮಾ, ಕಂಬದ ಹಾಗೆ ನಿಂತಿದ್ದೀಯ?”

“ಅತ್ತಿಗೆ ನೆಮ್ಮದಿಗೆ ಹೋಗಿದಾರೆ ಸಾರ್.”

“ಅವರಿಗೆ ನೆಮ್ಮದಿ, ನನಗೆ ತಲೆನೋವು. ಇಬ್ಬರ ಹೆಸರೂ ಬರ್ಕೋತೀನಿ, ಬೇಜಾರು ಮಾಡ್ಕೋಬೇಡ.”

ಅತ್ತಿಗೆ ಐದೇ ನಿಮಿಷಕ್ಕೆ ಕುಂಟುತ್ತ ಬಂದರು. “ಅಲ್ಲಿ ಕೂತ್ರೆ ನೀನು ಬೈಸ್ಕೊಳ್ಳೋದೇ ಕಿವೀಲಿ ಕೇಳ್ಸುತ್ತೆ ಕಣೇ. ಜೊತೆಗೆ ಆ ಡಬ್ಬಿ ಬೇರೆ! ಕೇಳ್ತಾ ಕೇಳ್ತಾ ಬಚ್ಚಲಿಗೆ ಓಡೋ ಹಾಗಾಗುತ್ತೆ.” ಇಬ್ಬರೂ ನಕ್ಕೆವು. ಮತ್ತೆ ಅತ್ತ ಹೋಗಲಿಲ್ಲ. ಯಾವ ಜೋಡಿಯೂ ಹೋಗಲಿಲ್ಲ. ಜೊತೆಯವಳನ್ನು ಬೈಗುಳಕ್ಕೆ ಒಪ್ಪಿಸಿ ಯಾರು ತಾನೇ ಹಾಯಾಗಿ ಕೂರುತ್ತಾರೆ?

ಇದರಿಂದ ನೀವು ಕಂಡುಕೊಂಡ ಸತ್ಯವನ್ನು ಸೂಚನಾ ಫಲಕದಲ್ಲಿ ಓದಿದೆವು: ‘ಮಡಿಸುವ ವಿಭಾಗದಲ್ಲಿ ವಿಶ್ರಾಂತಿಗೆ ಬೇಡಿಕೆ ಇಲ್ಲ. ಸಿಬ್ಬಂದಿ ಉಲ್ಲಾಸದಿಂದಿದ್ದಾರೆ.’ ಎಂಥ ಸಂಶೋಧನೆ! ಬೆಂಚು ವಾಪಸು ಕೊಡಿ ಎಂದು ಅತ್ತಿಗೆ ನಿಮ್ಮ ಕಚೇರಿಗೆ ಹೋದರೆ, ಅಲ್ಲಿದ್ದವರು, “ಸೌಲಭ್ಯ ಕೊಟ್ಟಿದೀವಲ್ಲ ಆಂಟಿ, ನೀವೇ ಬಳಸ್ತಿಲ್ಲ. ಕಾಲು ಅಷ್ಟು ನೋವಾದ್ರೆ ಮನೇಲಿರಿ,” ಎಂದು ರಾಜೀನಾಮೆ ಫಾರಂ ಕೈಗಿಟ್ಟರು. ಅದರಲ್ಲಿ ‘ಕಾರಣ’ ಎಂಬಲ್ಲಿ ಮೊದಲೇ ಅಚ್ಚಾಗಿದೆ: ವೈಯಕ್ತಿಕ. ನಿಮ್ಮ ಯಂತ್ರದ ಮುಂದೆ ನಿಂತು ಕೆಟ್ಟ ಕಾಲು ಅವರ ವೈಯಕ್ತಿಕ ವಿಷಯವೇ? ಥೂ!

ಶನಿವಾರ ಅವರು ಸಹಿ ಹಾಕಬೇಕಂತೆ. ಶುಕ್ರವಾರ ಬೆಳಿಗ್ಗೆ ಬೆಂಚು ಗೋಡೆ ಬದಿಯಲ್ಲಿ ಇರಬೇಕು. ಅದು ಗೋದಾಮಿನ ಹಿಂದೆ ಕಾಲು ಮೇಲಾಗಿ ಬಿದ್ದಿದೆ, ಹೊತ್ತು ತರಲು ನಾವೇ ಇದ್ದೇವೆ, ನೀವು ಹೂಂ ಅಂದರೆ ಸಾಕು. ಅನ್ನದಿದ್ದರೆ ‘ವೈಯಕ್ತಿಕ’ ಎಂಬುದನ್ನು ಹೊಡೆದುಹಾಕಿ ‘ಕೂರಲು ಬಿಡಲಿಲ್ಲ’ ಎಂದು ನಾನೇ ಬರೆಯುತ್ತೇನೆ. ಅತ್ತಿಗೆ ಅದರ ಕೆಳಗೆ ಸಹಿ ಹಾಕುತ್ತಾರೆ.

ಇಂತಿ,
ಸೋಮವಾರದಿಂದ ಯಾರ ಜೊತೆ ಮಡಿಸಬೇಕೋ ತಿಳಿಯದ
ನಿಮ್ಮ ಸಿಬ್ಬಂದಿಯಲ್ಲೊಬ್ಬಳು