ಹುಣಸೆಹುಳಿ ಹಾಕಿ ತೊಳೆದ ಸ್ಯಾಕ್ಸೊಫೋನ್

ಉದ್ಯಾವರ
೧೨-೨-೧೯೮೪

ಪ್ರೀತಿಯ ಜೇಮ್ಸ್,

ನಿಮ್ಮ ಕೆಮ್ಮು ಹೇಗುಂಟು? ಹೋದ ಕಾಗದದಲ್ಲಿ ಅದರ ಸುದ್ದಿಯೇ ಇರಲಿಲ್ಲ; ವಾಸಿಯಾಗಿ ಬರೆಯಲಿಲ್ಲವೋ, ಇದ್ದೂ ಮುಚ್ಚಿಟ್ಟಿರೋ ದೇವರಿಗೇ ಗೊತ್ತು. ರಜೆಗೆ ಬಂದಿದ್ದ ಕಾಪುವಿನ ಕಾಸಿಂ ಇವತ್ತು ಸಂಜೆ ಬಹ್ರೇನಿಗೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಕಾಗದದ ಜೊತೆ ಕಷಾಯದ ಪುಡಿ, ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಪುಡಿಯನ್ನು ನೀವೇ ಕುಡಿಯಿರಿ, ರೂಮಿನವರಿಗೆಲ್ಲ ಹಂಚಿ ಕರ್ಣನಾಗಬೇಡಿ. ಅತ್ತೆಯ ಮೊಣಕಾಲು ಮೊದಲಿನ ಹಾಗೆಯೇ. ಆದರೂ ಭಾನುವಾರ ಇಗರ್ಜಿಗೆ ನಡೆದೇ ಹೋಗುತ್ತಾರೆ, ಹೇಳಿದರೆ ಕೇಳುವವರಾ ನಿಮ್ಮ ಅಮ್ಮ?

ನೀವು ಕಳಿಸಿದ ಸ್ಯಾಕ್ಸೊಫೋನ್ ಕ್ಯಾಸೆಟ್ಟುಗಳನ್ನೆಲ್ಲ ಕೇಳಿದೆ ಎಂದು ಹೋದ ಸಲ ಬರೆದದ್ದು ಸುಳ್ಳು. ಈಗ ನಿಜವಾಗಿ ಕೇಳಿದೆ. ಇಟಲಿಯ ಫಾಸ್ಟೊ ಪಪೆಟ್ಟಿ ಅವರದ್ದು ಅಡುಗೆ ಮಾಡುತ್ತ ಕೇಳಲು ಒಳ್ಳೆಯದುಂಟು, ಮೀನು ಸೀದುಹೋಗುವಷ್ಟು ಮೈಮರೆಸುವುದಿಲ್ಲ. ಆದರೆ ಆ ಚಾರ್ಲಿ ಪಾರ್ಕರ್ ಅವರಿಗೆ ಎಂತ ಅವಸರ ಮಾರಾಯ್ರೇ? ಕಾರ್ಕಳದ ಕೊನೆಯ ಬಸ್ಸು ಹಿಡಿಯಲು ಓಡುವವರ ಹಾಗೆ! ಸ್ಟ್ಯಾನ್ ಗೆಟ್ಜ್ ಅವರದ್ದು ಹಾಕಿದರೆ ಅತ್ತೆ ಕುರ್ಚಿಯಲ್ಲೇ ನಿದ್ದೆಹೋದರು. ಹೊಗಳಿಕೆ ಎಂದೇ ತಿಳಿಯಿರಿ, ಕಾಲುನೋವಿನಲ್ಲಿ ಅವರಿಗೆ ಕಣ್ಣು ಮುಚ್ಚುವುದೇ ಅಪರೂಪ. ಜಾನ್ ಕೋಲ್ಟ್ರೇನ್ ಮಾತ್ರ ನನ್ನನ್ನು ಹೆದರಿಸಿದರು. ಯಾರೂ ಇಲ್ಲದ ಇಗರ್ಜಿಯಲ್ಲಿ ಒಬ್ಬರೇ ನಿಂತು ದೇವರ ಹತ್ತಿರ ಜಗಳವಾಡುವ ಹಾಗೆ ಕೇಳಿಸಿತು. ಅರ್ಥವಾಗಲಿಲ್ಲ, ನಿಲ್ಲಿಸಲೂ ಮನಸ್ಸಾಗಲಿಲ್ಲ. ಹಿಂದಿ ಹಾಡುಗಳ ನಡುವೆ ಬರುವುದು ಮನೋಹಾರಿ ಸಿಂಗ್ ಎಂಬವರ ಸ್ಯಾಕ್ಸೊಫೋನ್ ಎಂದು ನೀವು ಬರೆದ ಮೇಲೆಯೇ ಗೊತ್ತಾದದ್ದು; ಇಷ್ಟು ವರ್ಷ ಹಾಡಿದವರನ್ನೇ ಹೊಗಳುತ್ತಿದ್ದೆ. ಮಂಗಳೂರು ರೇಡಿಯೋದಲ್ಲಿ ಕದ್ರಿ ಗೋಪಾಲನಾಥರದ್ದು ಬಂದಾಗ ಅತ್ತೆ, “ಇದು ನಾಗಸ್ವರವಾ? ಯಾವ ದೇವಸ್ಥಾನದ್ದು?” ಎಂದು ಕೇಳಿದರು. ಅದೂ ಸ್ಯಾಕ್ಸೊಫೋನೇ ಎಂದರೆ ನಂಬಲೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬೈಯಬೇಡಿ ಎಂದು ಕೇಳುವ ಮುಖವೂ ನನಗಿಲ್ಲ. ಮಾರ್ಚಿಗೆ ಕರಾರು ಮುಗಿಯುತ್ತದೆ, ಇನ್ನೆರಡು ವರ್ಷಕ್ಕೆ ಸಹಿ ಹಾಕುವುದಾ ಅಥವಾ ಊರಿಗೆ ಬಂದು ಮೊದಲಿನಂತೆ ಬ್ಯಾಂಡ್ ಕಟ್ಟುವುದಾ, ಸ್ಯಾಕ್ಸೊಫೋನ್ ಹೇಗುಂಟು ತೆಗೆದು ನೋಡಿ ಬರೆ ಎಂದಿದ್ದಿರಿ. ಪೆಟ್ಟಿಗೆ ತೆರೆದರೆ ಎಲ್ಲ ಕಪ್ಪಿಟ್ಟುಹೋಗಿತ್ತು. ಹಬ್ಬ ಬಂದಾಗ ಇಗರ್ಜಿಯ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ತೊಳೆಯುವ ಕೈ ಅಲ್ವಾ ನನ್ನದು? ಬಾವಿಕಟ್ಟೆಗೆ ಒಯ್ದು, ಹುಣಸೆಹುಳಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಮೇಲಿಂದ ಕೊಡ ಕೊಡ ನೀರು ಹೊಯ್ದೆ. ಬಿಸಿಲಿಗಿಟ್ಟಾಗ ಎಷ್ಟು ಹೊಳೆಯಿತೆಂದರೆ ನೆರೆಮನೆಯವರನ್ನು ಕರೆದು ತೋರಿಸಿದೆ, ಬುದ್ಧಿಗೇಡಿ! ಬೆರಳಿನಲ್ಲಿ ಒತ್ತುವ ಕೀಲಿಗಳ ಅಡಿಯಲ್ಲಿ ಚರ್ಮದ ಬಿಲ್ಲೆಗಳಿರುತ್ತವೆ, ನೀರು ಕುಡಿದರೆ ಉಬ್ಬಿ ಹಾಳಾಗುತ್ತವೆ ಎಂದು ನನಗೆ ಯಾರು ಹೇಳಿದ್ದರು? ಊದಿದರೆ ಬರೀ ಗಾಳಿ. ದೇವಸ್ಥಾನಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವ ಕಡಿಯಾಳಿಯ ಮುದ್ದಣ್ಣನವರ ಹತ್ತಿರ ಹೊತ್ತುಕೊಂಡು ಹೋದೆ. “ಎಂತ ಮಾಡಿದ್ದೀರಿ ಬಾಯಮ್ಮ, ಇದು ಕಾಲುದೀಪವಾ?” ಎಂದು ತಲೆಗೆ ಕೈ ಹಚ್ಚಿದರು. ಇನ್ನು ಇದರಿಂದ ಸ್ವರ ಹೊರಡುವ ಮಾತೇ ಇಲ್ಲ ಎಂದರು.

ವಾದ್ಯವೇ ಇಲ್ಲದ ಮೇಲೆ ಬ್ಯಾಂಡ್ ಎಲ್ಲಿಂದ? ಸಹಿ ಹಾಕಿಬಿಡಿ ಎಂದೇ ನನಗೆ ತೋರುತ್ತದೆ. ಮಣಿಪಾಲದ ಬ್ಯಾಂಕಿನಲ್ಲಿರುವ ನಮ್ಮ ಅಣ್ಣ ಮ್ಯಾಥ್ಯೂ ಕೂಡ ಅದನ್ನೇ ಹೇಳುತ್ತಾನೆ, ಎರಡು ವರ್ಷ ಎಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದಂತೆ. ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಊಟ ಸೇರುವುದಿಲ್ಲ, ನಿಮ್ಮ ಫೋಟೊ ಇರುವ ಗೋಡೆಯ ಕಡೆ ನೋಡಲೂ ಆಗುವುದಿಲ್ಲ. ತಪ್ಪಾಯಿತು, ಜೇಮ್ಸ್.

ಅತ್ತೆ ನಿಮ್ಮ ಹೆಸರು ಹೇಳಿ ಗಾಳಿಯಲ್ಲೇ ಶಿಲುಬೆಯ ಗುರುತು ಮಾಡಿದ್ದಾರೆ. ಅಲ್ಲಿ ಹಣೆ ಸ್ವಲ್ಪ ಬಗ್ಗಿಸಿ. ಹೊತ್ತುಹೊತ್ತಿಗೆ ಉಣ್ಣಿರಿ.

ನಿಮ್ಮವಳೇ ಆದ
ವೆರೊನಿಕಾ

ತಾ.ಕ.: ಕಾಸಿಂ ಬಂದಾಯಿತು, ಕಾರು ಗೇಟಿನ ಹತ್ತಿರ ನಿಂತಿದೆ, ಬೇರೆ ಕಾಗದ ಬರೆಯಲು ಸಮಯವಿಲ್ಲ. ಯಾವಾಗಲೂ ಮಾಡುವಂತೆ ಅಂಟಿಸುವ ಮೊದಲು ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಸ್ಯಾಕ್ಸೊಫೋನಿನ ಸುದ್ದಿ, ಸಹಿಯ ಸುದ್ದಿ ಎರಡನ್ನೂ ಹಾರಿಸಿದೆ. ಅವರು ಕೇಳಿಯೇಬಿಟ್ಟರು: “ಅದು ಸರಿಯಾದದ್ದು ಬರೆದೆಯಾ? ಇನ್ನು ಬರುತ್ತಾನಲ್ಲ ನನ್ನ ಮಗ.” ಬರೆದಿದ್ದೇನೆ ಎಂದೆ. ಅವರು ಕಣ್ಣೊರೆಸಿಕೊಂಡರು, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅದು ಹಾಳಾದದ್ದು ನಿಜ, ಸರಿಯಾಗುವುದಿಲ್ಲ ಎಂದು ಬರೆದದ್ದು ಸುಳ್ಳು. ಮುದ್ದಣ್ಣನವರು ಹಾಗೆ ಹೇಳಲೇ ಇಲ್ಲ. ಬೊಂಬಾಯಿಯಿಂದ ಬಿಲ್ಲೆ ತರಿಸಿ ಹಾಕಿ, ಹೋದ ವಾರ ನಮ್ಮ ಜಗಲಿಯಲ್ಲೇ ನುಡಿಸಿ ಕೊಟ್ಟುಹೋದರು. ಮೈಮೇಲೆ ಗೀರು ಬಿದ್ದಿದೆ, ಸ್ವರಕ್ಕೆ ಏನೂ ಆಗಿಲ್ಲ. ನೀವು ಮದುವೆಗಳಲ್ಲಿ ನುಡಿಸುತ್ತಿದ್ದಾಗ ನನಗೂ ಬ್ಯಾಂಡಿನವರ ಜೊತೆ ಚಪ್ಪರದ ಹಿಂದೆ ಊಟ, ಎಲ್ಲರದ್ದೂ ಆದ ಮೇಲೆ. ಈಗ ಬಹ್ರೇನಿನವರ ಹೆಂಡತಿ ಎಂದು ಎದುರಿನ ಸಾಲಿನಲ್ಲಿ ಕೂರಿಸುತ್ತಾರೆ. ಆ ಒಂದು ಕುರ್ಚಿಗಾಗಿ ನಿಮ್ಮನ್ನು ಅಲ್ಲೇ ಇರಿಸಲು ಹೊರಟಿದ್ದೆ. ಹಾರ್ನ್ ಹೊಡೆಯುತ್ತಿದ್ದಾರೆ. ಸಹಿ ಹಾಕಬೇಡಿ, ಬನ್ನಿ. ಈ ಕಾಗದ ಮುಟ್ಟುವ ಮೊದಲೇ ಹಾಕಿಯಾಗಿದ್ದರೆ, ಅತ್ತೆಗೆ ಏನು ಹೇಳಲಿ ಎಂದು ಬರೆಯಿರಿ.