ಶರೀಫನ ವಯರಿಂಗ್

ಜನವರಿ 5, ಸೋಮವಾರ. ಬೆಳಿಗ್ಗೆ 11

ಟೆಸ್ಟಿಂಗಿನ ಸೀರೀಸ್ ಬಲ್ಬ್ ಇವತ್ತೂ ಝಗ್ ಎಂದು ಉರಿಯಿತು. ಅಂದರೆ ರಿಪೇರಿಗೆ ಬಂದ ಆಂಪ್ಲಿಫೈಯರ್‌ನಲ್ಲಿ ಇನ್ನೂ ಶಾರ್ಟ್ ಇದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ನಾಲ್ಕೂ ಬದಲಾಯಿಸಿಯಾಗಿದೆ. ಅವುಗಳ ಅಡಿಯ ಮೈಕಾ ಹಾಳೆ ಹರಿದಿದೆಯೋ ಏನೋ... ತಲೆ ಓಡುತ್ತಿಲ್ಲ.

ಓಡದಿರುವುದಕ್ಕೆ ಕಾರಣ ಗೊತ್ತು. ಶರೀಫ್. ಹನ್ನೊಂದು ವರ್ಷ ಸೌದಿಯ ದಮ್ಮಾಮ್‌ನಲ್ಲಿದ್ದು ಬಂದು ಬೆಳ್ತಂಗಡಿಯಲ್ಲಿ ಕಾರ್ ಸ್ಟೀರಿಯೋ ಅಂಗಡಿ ಹಾಕಿದ್ದಾನೆ. ಮೂರು ತಿಂಗಳಾಯಿತು. ಗಾಜಿನ ಬಾಗಿಲು, ಎ.ಸಿ., ಗಿರಾಕಿ ಕೂರಲು ಸೋಫಾ. ನನ್ನದು ಬಿ.ಸಿ.ರೋಡ್‌ನಲ್ಲಿ ಹತ್ತೊಂಬತ್ತು ವರ್ಷದ ಅಂಗಡಿ — ಗಿರಾಕಿ ಕೂರುವುದು ಹಳೇ ಸ್ಪೀಕರ್ ಡಬ್ಬದ ಮೇಲೆ. ಇಬ್ಬರೂ ಕಲಿತದ್ದು ಬಂಟ್ವಾಳದ ತುಕ್ರಪ್ಪಣ್ಣನ ಹತ್ತಿರ. ಅವನಿಗೆ ಸೋಲ್ಡರಿಂಗ್ ಐರನ್ ಹಿಡಿಯುವುದನ್ನು ತೋರಿಸಿಕೊಟ್ಟವನೇ ನಾನು.

ಬೆಳಿಗ್ಗೆ ದೋಸೆ ಹಾಕುತ್ತಾ ದೀಪಶ್ರೀ, "ಶರೀಫಣ್ಣನ ಅಂಗಡಿ ನೋಡಿದ್ರಾ? ಎಷ್ಟು ನೀಟ್ ಉಂಟು ಮಾರಾಯ್ರೆ" ಎಂದಳು. ಸ್ವಂತ ಹೆಂಡತಿ! ಎರಡನೇ ದೋಸೆ ಬೇಡವೆಂದು ಎದ್ದೆ.

ಜನವರಿ 8, ಗುರುವಾರ

ಮೂಡುಬಿದಿರೆಯ ಜಯಪ್ರಕಾಶಣ್ಣ ಬಂದಿದ್ದರು. ಮೊದಲು ನನ್ನ ಖಾಯಂ ಗಿರಾಕಿ. ಈಗ ಭಾವನಿಂದ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡವರು ಸೀದಾ ಶರೀಫನಲ್ಲಿಗೆ ಹೋಗಿ ಹೊಸ ಸೆಟ್, ಆಂಪ್ಲಿಫೈಯರ್ ಹಾಕಿಸಿದ್ದಾರೆ. ಎಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಕುಂಯ್ ಎಂಬ ಶಬ್ದ. ಶರೀಫ್ ನೆಂಟರ ಮದುವೆಗೆಂದು ಕಾಸರಗೋಡಿಗೆ ಹೋಗಿದ್ದಾನಂತೆ. ಅದಕ್ಕೇ ನನ್ನ ನೆನಪು.

"ಕೆಲಸ ಮಾತ್ರ ಫಸ್ಟ್ ಕ್ಲಾಸ್ ನಿತ್ಯಣ್ಣ. ಎಲ್ಲ ಗಲ್ಫ್ ಸ್ಟೈಲ್. ಇದೊಂದು ಶಬ್ದ ಎಲ್ಲಿಂದ ಬಂತೋ."

ಅರ್ತ್ ವಯರನ್ನು ಪೈಂಟ್ ಮೇಲೆಯೇ ಬಿಗಿದಿದ್ದ. ಕೆರೆದು ಬಿಗಿದೆ. ಶಬ್ದ ಬಂದ್. ಆಹಾ, ಗಲ್ಫ್ ಸ್ಟೈಲ್!

ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಒಳಗೆ ಹೋಗುವ ದಪ್ಪ ಕೆಂಪು ವಯರು ತಗಡಿನ ತೂತಿನೊಳಗೆ ಹಾಗೇ ನುಗ್ಗಿದೆ. ತೂತಿಗೆ ರಬ್ಬರ್ ಇಲ್ಲ. ತಗಡಿನ ಅಂಚು ವಯರಿನ ಸಿಪ್ಪೆಯನ್ನು ಅರ್ಧ ಕಚ್ಚಿದೆ. ಬ್ಯಾಟರಿ ಹತ್ತಿರ ಫ್ಯೂಸೂ ಇಲ್ಲ. ಇನ್ನಷ್ಟು ಅಲುಗಾಡಿ ತಾಮ್ರ ತಗಡಿಗೆ ತಾಗಿದರೆ ಬೆಂಕಿಯೇ.

ಹೇಳಲು ಬಾಯಿ ತೆರೆದೆ. ಜಯಪ್ರಕಾಶಣ್ಣ ಇನ್ನೂ ಶರೀಫನ ಸೋಫಾದ ಬಗ್ಗೆ ಹೇಳುತ್ತಿದ್ದರು.

ಬಾನೆಟ್ ಮುಚ್ಚಿದೆ.

ಜನವರಿ 9

ಅವರು ಹೇಳಿದ್ದು ಶಬ್ದ ತೆಗೆಯಲು. ತೆಗೆದೆ. ಬೇರೆಯವರ ಕೆಲಸಕ್ಕೆ ಕೈ ಹಾಕಬಾರದು...

ಸುಳ್ಳು. ಹೊಗೆ ಬರಲಿ, ನಾಲ್ಕು ಜನ ನೋಡಲಿ ಎಂದೇ ಸುಮ್ಮನಿದ್ದೆ. ಇದನ್ನು ಯಾರೂ ಓದುವುದಿಲ್ಲ, ಬರೆದರೆ ಏನಂತೆ.

ಜನವರಿ 16, ಶುಕ್ರವಾರ. ಸಂಜೆ 5

ಜಯಪ್ರಕಾಶಣ್ಣನ ವಾಟ್ಸಾಪ್ ವಾಯ್ಸ್. "ಶಬ್ದ ಪೂರ್ತಿ ಹೋಯ್ತು ನಿತ್ಯಣ್ಣ. ನಾಳೆ ಮಗಳನ್ನು ಕರ್ಕೊಂಡು ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋಗ್ತೇವೆ. ಸಾತ್ವಿಕಾ ದಾರಿಯಿಡೀ ಹಾಡು ಹಾಕ್ತಾಳಂತೆ." ಹಿಂದಿನಿಂದ ಹುಡುಗಿ ನಗುವುದು ಕೇಳಿಸಿತು.

ಎರಡು ಸಲ ಕೇಳಿದೆ. ಕೈಯಲ್ಲಿದ್ದ ಐರನ್ ಬೆರಳಿಗೆ ತಾಗಿತು.

5.40

ಫೋನ್ ಮಾಡಿಬಿಟ್ಟೆ. ಕಾರು ತೆಗೆಯಬೇಡಿ, ಬ್ಯಾಟರಿ ವಯರ್ ಬಿಚ್ಚಿಡಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಶರೀಫ್ ಮಾಡಿದ ವಯರಿಂಗ್ ಅಣ್ಣ. ಇಂಥಾದ್ದು ನನ್ನ ಸರ್ವಿಸಿನಲ್ಲೇ ನೋಡಿಲ್ಲ."

"ಮೊನ್ನೆಯೇ ಯಾಕೆ ಹೇಳ್ಲಿಲ್ಲ?"

"ಈಗ ಯೋಚನೆ ಮಾಡುವಾಗ ಡೌಟ್ ಬಂತು" ಎಂದೆ.

ಜನವರಿ 17, ಶನಿವಾರ

ಜಯಪ್ರಕಾಶಣ್ಣ ಕಾರಿನವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಾರೆ — ವಯರಿನ ಫೋಟೋ, ಶರೀಫನ ಅಂಗಡಿಯ ಹೆಸರು, "ನನ್ನ ಮಗಳ ಜೀವ ಹೋಗುತ್ತಿತ್ತು" ಎಂಬ ಸಾಲು. ಮೂಡುಬಿದಿರೆಯಿಂದ ಬೆಳ್ತಂಗಡಿವರೆಗಿನ ಎಲ್ಲರೂ ಇರುವ ಗ್ರೂಪ್. ಕೆಳಗೆ ಒಬ್ಬೊಬ್ಬರಾಗಿ ಶರೀಫನಿಗೆ ಉಗಿಯುತ್ತಿದ್ದಾರೆ. ಒಂದನ್ನೂ ಬಿಡದೆ ಓದಿದೆ. ಹೊಟ್ಟೆ ತಣ್ಣಗಾಯಿತು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡೆ.

ಜನವರಿ 19, ಸೋಮವಾರ. 12.15

ಶರೀಫ್ ಬಂದು ಹೋದ. ನಿನ್ನೆ ತಾನೇ ಮೂಡುಬಿದಿರೆಗೆ ಹೋಗಿ, ಜಯಪ್ರಕಾಶಣ್ಣನ ಬೈಗುಳ ತಿಂದು, ಹೊಸ ವಯರ್ ಎಳೆದು, ಫ್ಯೂಸ್, ರಬ್ಬರ್ ಎಲ್ಲ ಹಾಕಿಕೊಟ್ಟನಂತೆ. ಬಿಚ್ಚಿದ ವಯರನ್ನು ಚೀಲದಿಂದ ತೆಗೆದು ನನ್ನ ಟೇಬಲ್ ಮೇಲಿಟ್ಟ. ಕಾರ್ಪೆಟ್ ಅಡಿಯಲ್ಲಿದ್ದ ಭಾಗ. ಗೇಣಿಗೊಂದು ಮೇಣದ ನೂಲಿನ ಗಂಟು.

ತುಕ್ರಪ್ಪಣ್ಣ ಕಲಿಸಿದ ಗಂಟು. ಟೇಪ್ ಸುತ್ತಬೇಡಿ, ಸೆಕೆಗೆ ಅಂಟು ಬಿಡುತ್ತದೆ ಎನ್ನುತ್ತಿದ್ದರು. ಈ ಕಡೆ ಹಾಗೆ ಕಟ್ಟುವವರು ನಾವಿಬ್ಬರೇ. ಇದು ಎಡಕ್ಕೆ ತಿರುಗಿದ ಗಂಟು. ಎಡಗೈಯವನು ನಾನು. ಏಳು ವರ್ಷದ ಹಿಂದೆ, ಇದೇ ಕಾರಿಗೆ, ಜಯಪ್ರಕಾಶಣ್ಣನ ಭಾವನಿಗೆ, ಅವಸರದಲ್ಲಿ ಮಾಡಿಕೊಟ್ಟದ್ದು... ಈಗ ನೆನಪಾಯಿತು. ಪೈಂಟ್ ಮೇಲೆ ಬಿಗಿದ ಅರ್ತೂ ನನ್ನದೇ.

"ಕಾರಿನಲ್ಲಿ ಲೈನ್ ಹಳತೇ ಇತ್ತು, ಅದಕ್ಕೇ ಹೊಸ ಸೆಟ್ ಜೋಡಿಸಿದೆ. ಸೀಟಿನ ಹತ್ತಿರ ಗಂಟು ಕಂಡಿತು. ನಿತ್ಯ ಎಳೆದ ಲೈನಲ್ವಾ, ಮತ್ತೆ ನೋಡ್ಲಿಕ್ಕೆ ಏನುಂಟು ಅಂತ ಬಾನೆಟ್ಟೇ ಎತ್ತಲಿಲ್ಲ ಮಾರಾಯ. ಎತ್ತಬೇಕಿತ್ತು. ನಂದೂ ತಪ್ಪುಂಟು."

"ಜಯಪ್ರಕಾಶಣ್ಣನಿಗೆ ಹೇಳಿದ್ಯಾ?"

"ನಿನ್ನ ಹೆಸರಾ? ಇಲ್ಲ. ಅದು ನೀನು ಹೇಳ್ಬೇಕಾದ್ದು."

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಚಾ ಕುಡಿದು ಹೋದ. ಅದಕ್ಕೂ ನನಗೆ ಹೊಟ್ಟೆಕಿಚ್ಚು — ಅಷ್ಟು ದೊಡ್ಡ ಮನಸ್ಸೂ ಅವನಿಗೇ ಇರಬೇಕಾ?

ಜನವರಿ 27, ಮಂಗಳವಾರ. ಮಧ್ಯಾಹ್ನ 3

ಶರೀಫನ ಅಂಗಡಿಗೆ ಎಂಟು ದಿನದಿಂದ ಒಂದು ಕಾರೂ ಬಂದಿಲ್ಲವಂತೆ. ನನ್ನಲ್ಲಿ ಇವತ್ತೊಂದೇ ದಿನ ಮೂರು. ಮೂರನೆಯವರು ಮೂಡುಬಿದಿರೆಯವರು. "ನೀವಾದ್ರೆ ನಂಬಿಕೆ ನಿತ್ಯಣ್ಣ" ಎಂದು ಕೀ ಕೊಟ್ಟರು. ಕೀ ಇಲ್ಲೇ ಟೇಬಲ್ ಮೇಲಿದೆ. ಕಾರು ಇನ್ನೂ ಮುಟ್ಟಿಲ್ಲ.

ಗ್ರೂಪಿನಲ್ಲಿ ಆ ಫೋಟೋ ಹಾಗೇ ಇದೆ. ಫೋನಿನಲ್ಲಿ ಟೈಪ್ ಮಾಡುವುದು, ಅಳಿಸುವುದು — ಬೆಳಿಗ್ಗೆಯಿಂದ ಇದೇ. ಮೊದಲು ಇಲ್ಲಿ ಬರೆಯುತ್ತೇನೆ. ನೋಡಿಕೊಂಡು ಹಾಕಿದರಾಯಿತು.

ಎಲ್ಲರಿಗೂ ನಮಸ್ಕಾರ. ಫೋಟೋದಲ್ಲಿರುವ ವಯರು ಶರೀಫ್ ಹಾಕಿದ್ದಲ್ಲ. ಅದನ್ನು ಹಾಕಿದ್ದು...